ನೀರಿನಡಿಯ ಜಗಲಿ

ನಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಹುಣಸೂರಿನ ಲಕ್ಷ್ಮಣತೀರ್ಥದ ದಂಡೆಯಿದೆ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ ಇದೆ, ಎಡತೊರೆಯ ಅರ್ಕೇಶ್ವರ ದೇವಾಲಯದ ಮುಂದೆ ನಿಂತ ನೆಂಟರಿದ್ದಾರೆ. ಕಾವೇರಿಯ ಪ್ರವಾಹದ ಬಾಧೆಯಿಂದ ಎಡತೊರೆಯ ಜನ ಹೊಸ ಊರಾದ ಕೃಷ್ಣರಾಜನಗರಕ್ಕೆ ಬಂದರು. ದೇವಾಲಯವಾದರೋ ಇಂದಿಗೂ ಇದೆ, ಹೋಗಿ ನೋಡಬಹುದು. ಹೆಗ್ಗಡದೇವನಕೋಟೆ ಸೀಮೆಯ ಚಿತ್ರದ ಮಾತು ಬೇರೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಆ ಹಳ್ಳಿಯೇ ಮುಳುಗಿತು.

ಜಗಲಿಯ ಮೇಲೆ ವಿಭೂತಿ ಧರಿಸಿ ಕುಳಿತ ಹನ್ನೊಂದು ಮಂದಿಯಲ್ಲಿ ನಾವು ಗುರುತಿಸಬಲ್ಲವರು ನಾಲ್ವರೇ. ಉಳಿದವರನ್ನು ಬಲ್ಲ ಸೋದರತ್ತೆಯವರಿಗೆ ಈಗ ದೃಷ್ಟಿ ಮಂದ. ಒಬ್ಬೊಬ್ಬರ ಉಡುಗೆ, ಕುಳಿತ ಭಂಗಿಯನ್ನು ನಾವು ವರ್ಣಿಸುತ್ತೇವೆ; ಅವರು ಹೆಸರು ಹೇಳುತ್ತಾರೆ; ಚಿತ್ರದ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇವೆ. ಇದುವರೆಗೆ ಎಂಟು ಹೆಸರುಗಳಾಗಿವೆ. ಕಂಬಕ್ಕೊರಗಿದ ಹುಡುಗಿ ಯಾರೆಂಬುದು ಅತ್ತೆಯವರಿಗೂ ನೆನಪಾಗುತ್ತಿಲ್ಲ.