ಕಾರವಾರದ ನೌಕಾ ಆಸ್ಪತ್ರೆ: ಅಕ್ಕನಿಗೊಂದು ಪತ್ರ

ಕಾರವಾರ

ಪ್ರೀತಿಯ ಅಕ್ಕನಿಗೆ,

ಕಾರವಾರದಿಂದ ಬರೆಯುವವರು ಟ್ಯಾಗೋರ್ ಕಡಲತೀರ, ಕಾಳಿ ನದಿ, ಸದಾಶಿವಗಡಗಳ ಬಗ್ಗೆ ಬರೆಯುವುದು ವಾಡಿಕೆ. ಅವುಗಳ ಚೆಲುವನ್ನು ಊರಿಗೆ ಬಂದಾಗ ಹೇಳುತ್ತೇನೆ. ಇಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಒಂದು ಆಸ್ಪತ್ರೆ. ಊರು ಬಿಟ್ಟು ಬಿಣಗಾ ದಾಟಿ ಹೆದ್ದಾರಿ 66ರಲ್ಲಿ ಅಂಕೋಲೆಯ ಕಡೆಗೆ ಹೊರಟರೆ ಒಂದು ಮಗ್ಗುಲಿಗೆ ಸಹ್ಯಾದ್ರಿಯ ಬೆಟ್ಟ, ಇನ್ನೊಂದು ಮಗ್ಗುಲಿಗೆ ನೌಕಾನೆಲೆ. 2005ರ ಮೇ 31ರಂದು ಸೇವೆಗೆ ಸೇರಿದ ಐಎನ್‌ಎಸ್ ಕದಂಬ ಇದೇ. ವಿಮಾನವಾಹಕ ಹಡಗು ವಿಕ್ರಮಾದಿತ್ಯಕ್ಕೂ ಇದೇ ತವರು ನೆಲೆ. ಇಲ್ಲಿಯ ನೌಕಾಪಡೆಯವರಿಗೂ ಅವರ ಮನೆಯವರಿಗೂ ಇರುವ ಆಸ್ಪತ್ರೆ ಐಎನ್‌ಎಚ್‌ಎಸ್ ಪತಂಜಲಿ. ಈ ಆಸ್ಪತ್ರೆ ಪಡೆಯವರದಾಗಿಯೇ ಉಳಿಯಬೇಕು. ಆದರೆ ನೆಲೆಗೆ ನೆಲ ಕೊಟ್ಟ ಜಿಲ್ಲೆಯ ಜನರಿಗೆ ಆಪತ್ತಿನ ಹೊತ್ತಿನಲ್ಲಿ ಅದರ ಬಾಗಿಲು ತೆರೆಯುವುದು ಅಧಿಕಾರಿಗಳ ಒಳ್ಳೆಯತನವನ್ನಷ್ಟೇ ನೆಚ್ಚಿಕೊಳ್ಳಬಾರದು, ಲಿಖಿತ ಒಪ್ಪಂದವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಸರ್ಕಾರಿ ಆಸ್ಪತ್ರೆಗಳಿರುವಾಗ ನೌಕಾಪಡೆಗೆ ಬೇರೆಯದೇಕೆ ಎಂದು ನೀನು ಕೇಳಬಹುದು. ಸಮುದ್ರದ ಕೆಲಸ ತರುವ ಕಾಯಿಲೆಗಳೇ ಬೇರೆ. ಆಳಕ್ಕೆ ಮುಳುಗಿದವನು ಅವಸರದಲ್ಲಿ ಮೇಲೆ ಬಂದರೆ ಒತ್ತಡ ತಟ್ಟನೆ ಇಳಿದು ರಕ್ತದಲ್ಲಿ ಕರಗಿದ್ದ ಸಾರಜನಕ ಗುಳ್ಳೆಗಟ್ಟುತ್ತದೆ. ಕೀಲುನೋವಿನಿಂದ ಲಕ್ವದವರೆಗೆ ಏನು ಬೇಕಾದರೂ ಆಗಬಹುದು. ಅವನನ್ನು ಮತ್ತೆ ಒತ್ತಡದ ಕೋಣೆಯಲ್ಲಿಟ್ಟು ಒತ್ತಡವನ್ನು ನಿಧಾನವಾಗಿ ಇಳಿಸುವುದೇ ಚಿಕಿತ್ಸೆ. ಇಂಥ ವಿದ್ಯೆಯನ್ನು ಬೆಳೆಸುವುದಕ್ಕಾಗಿಯೇ ಮುಂಬೈ ಕೊಲಾಬಾದ ಐಎನ್‌ಎಚ್‌ಎಸ್ ಅಶ್ವಿನಿಯ ಆವರಣದಲ್ಲಿ ನೌಕಾ ವೈದ್ಯಕೀಯ ಸಂಸ್ಥೆಯಿದೆ. ನೌಕಾ ವೈದ್ಯವಿದ್ಯೆಯ ಫಲ ಪಡೆಯವರಿಗಷ್ಟೇ ಸಿಕ್ಕಿಲ್ಲ. 1747ರಲ್ಲಿ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ರೋಗ ಹತ್ತಿದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಉಪಚಾರ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದವರು ಬೇಗ ಚೇತರಿಸಿಕೊಂಡರು. ಔಷಧಿಗಳನ್ನು ಹೋಲಿಸಿ ಪರೀಕ್ಷಿಸುವ ಇಂದಿನ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು.

ಇನ್ನು ಮನೆಯವರ ಮಾತು. ಹಡಗು ಹೊರಟರೆ ನಾವಿಕ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ದಡ ಕಾಣುವುದಿಲ್ಲ. ಹೆಂಡತಿಗೆ ಹೆರಿಗೆ ನೋವು ಬಂದರೂ, ಮಗುವಿಗೆ ಜ್ವರ ಏರಿದರೂ ಅವನು ಓಡಿ ಬರಲಾರ. ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ಬೇರೆ. ಇಂದು ಕೊಚ್ಚಿ, ನಾಳೆ ವಿಶಾಖಪಟ್ಟಣ. ಹತ್ತಿರದ ಬಂಧುಗಳಿಲ್ಲದ ಊರಿನಲ್ಲಿ ಒಬ್ಬಳೇ ಮನೆ ನಡೆಸುವ ಹೆಣ್ಣುಮಗಳಿಗೆ ಪರಿಚಿತ ವ್ಯವಸ್ಥೆಯ ಆಸ್ಪತ್ರೆ ದೊಡ್ಡ ಆಸರೆ. ಇದು ಸೌಲಭ್ಯ ಅನ್ನುವುದಕ್ಕಿಂತ, ಅವನನ್ನು ಕಡಲಿಗೆ ಕಳಿಸುವಾಗ ದೇಶ ಕೊಟ್ಟ ಮಾತು ಎನ್ನುವುದು ಸರಿ. ಮನೆಯವರು ಸುರಕ್ಷಿತರೆಂಬ ನೆಮ್ಮದಿಯಿಲ್ಲದವನು ಕಡಲಿನಲ್ಲಿ ಎಚ್ಚರವಾಗಿ ನಿಲ್ಲುವುದು ಕಷ್ಟ.

ಇಷ್ಟನ್ನು ಒಪ್ಪಿಕೊಂಡ ಮೇಲೂ ನೆಲೆಯ ಗೋಡೆಯ ಈಚೆಗಿನ ಜನರನ್ನು ಮರೆಯುವಂತಿಲ್ಲ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ, ಈ ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟು ಎದ್ದವು. ಮೀನುಗಾರರು ತಮ್ಮ ದಂಡೆಯನ್ನೇ ಕಳೆದುಕೊಂಡರು. ಸೀಬರ್ಡ್ ನಿರಾಶ್ರಿತರ ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಇದೇ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗಿಡುತ್ತಿದೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದ್ದರೂ ಕಾಯಿಲೆ ಗಂಭೀರವಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಓಡುವುದು ಇಲ್ಲಿಯವರಿಗೆ ರೂಢಿಯಾಗಿದೆ. ಮಣಿಪಾಲವೇ ಸುಮಾರು 200 ಕಿ.ಮೀ. ದೂರ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತರು. ಎರಡು ವರ್ಷದ ನಂತರ, 2024ರ ಜುಲೈನಲ್ಲಿ, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ರಸ್ತೆಯೇ ಇಲ್ಲದ ದಿನ ದೂರದ ದೊಡ್ಡ ಆಸ್ಪತ್ರೆ ಎಷ್ಟು ಚೆನ್ನಾಗಿದ್ದರೇನು?

ಸೈನ್ಯದ ಆಸ್ಪತ್ರೆಯೊಳಗೆ ಜನರನ್ನು ಬಿಟ್ಟರೆ ಭದ್ರತೆಯ ಗತಿಯೇನು ಎನ್ನುವವರಿದ್ದಾರೆ. ಈ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಪತಂಜಲಿಯೇ ಉತ್ತರ ಕೊಟ್ಟಾಗಿದೆ. 2020ರ ಕೊರೊನಾದ ಆರಂಭದ ದಿನಗಳಲ್ಲಿ, ಎಲ್ಲರೂ ಸೋಂಕಿತರನ್ನು ಕಂಡು ಹೆದರುತ್ತಿದ್ದಾಗ, ಭಟ್ಕಳದ ನಾಗರಿಕ ರೋಗಿಗಳನ್ನು ಸೇರಿಸಿಕೊಂಡು ಚಿಕಿತ್ಸೆ ಕೊಟ್ಟಿದ್ದು ಇದೇ ಆಸ್ಪತ್ರೆ. ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಶೋಧ ನಡೆಸಿದವರಲ್ಲಿ ನೌಕಾಪಡೆಯ ಮುಳುಗುಗಾರರೂ ಇದ್ದರು. ಅಂದರೆ ಆಪತ್ತಿನಲ್ಲಿ ಕೈಜೋಡಿಸಲು ಪಡೆಗೆ ಮನಸ್ಸೂ ಇದೆ, ದಾರಿಯೂ ಗೊತ್ತು. ಯಾರನ್ನು ಯಾವಾಗ ಸೇರಿಸಿಕೊಳ್ಳಬೇಕು, ಯಾರ ಮೂಲಕ ಕೇಳಬೇಕು, ಖರ್ಚು ಯಾರದು ಎಂಬುದನ್ನು ಜಿಲ್ಲಾಡಳಿತವೂ ನೌಕಾಪಡೆಯೂ ಮೊದಲೇ ಕೂತು ಬರೆದಿಟ್ಟರೆ ಭದ್ರತೆಗೂ ಅದೇ ಕ್ಷೇಮ. ಹೆದ್ದಾರಿ ಅಪಘಾತ, ದೋಣಿ ಮುಳುಗಡೆ, ಗುಡ್ಡ ಕುಸಿತ, ಸಾಂಕ್ರಾಮಿಕ, ಇಷ್ಟಕ್ಕೆ ಒಪ್ಪಂದವಿದ್ದರೆ ಸಾಕು. ದಿನನಿತ್ಯದ ಕೆಮ್ಮು ನೆಗಡಿಗೆ ಆ ಬಾಗಿಲು ತಟ್ಟಬೇಕಿಲ್ಲ, ತಟ್ಟಲೂಬಾರದು. ಪಡೆಯವರಿಗೆ ಕೊಟ್ಟ ಮಾತು ಆಗ ಮುರಿಯುತ್ತದೆ.

ನೌಕಾ ಆಸ್ಪತ್ರೆಯನ್ನು ತೋರಿಸಿ ಸರ್ಕಾರ ಕೈತೊಳೆದುಕೊಂಡೀತು ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಅದಕ್ಕೇ ಹೇಳುತ್ತೇನೆ, ಈ ಒಪ್ಪಂದ ಜಿಲ್ಲೆಯ ಸ್ವಂತ ದೊಡ್ಡ ಆಸ್ಪತ್ರೆಗೆ ಬದಲಿಯಲ್ಲ. ಆ ಬೇಡಿಕೆ ಹಾಗೆಯೇ ನಿಲ್ಲಬೇಕು, ಇನ್ನೂ ಗಟ್ಟಿಯಾಗಬೇಕು. ಹೃದಯಕ್ಕೆ, ಮಿದುಳಿಗೆ ಚಿಕಿತ್ಸೆ ಕೊಡುವ ಹೊಣೆ ರಾಜ್ಯದ್ದು. ಅದನ್ನು ಪಡೆಯ ಹೆಗಲಿಗೆ ಹೊರಿಸುವುದು ನಾವಿಕನಿಗೂ ಅನ್ಯಾಯ, ನಾಗರಿಕನಿಗೂ ಅನ್ಯಾಯ.

ಅಕ್ಕ, ನಿನ್ನ ಶಾಲೆಯ ಮಕ್ಕಳಿಗೆ ನೌಕಾಪಡೆಯ ಬಗ್ಗೆ ಹೇಳುವಾಗ ಹಡಗುಗಳ ಜೊತೆಗೆ ಈ ಆಸ್ಪತ್ರೆಯ ಬಗ್ಗೆಯೂ ಹೇಳು. ನೆಲ ಬಿಟ್ಟುಕೊಟ್ಟ ಕುಟುಂಬಗಳನ್ನೂ ಮರೆಯದೆ ಹೇಳು. ದೇಶ ಕಾಯುವವರಂತೆ, ಅದಕ್ಕಾಗಿ ಊರು ಬಿಟ್ಟವರೂ ದೇಶಕ್ಕೆ ತಮ್ಮ ಪಾಲು ಕೊಟ್ಟವರೇ.

ಇಂತಿ ನಿನ್ನ ಪ್ರೀತಿಯ ತಮ್ಮ