ಹೊಟ್ಟೆ ಬಂದ ಶೀಟು

ತೊಂಬತ್ತರ ದಶಕದ ಬೆಂಗಳೂರಿನ ಪೀಣ್ಯದಲ್ಲಿ ವ್ಯಾಕ್ಯೂಮ್ ಫಾರ್ಮಿಂಗ್, ಅಂದರೆ ಕಾದ ಪ್ಲಾಸ್ಟಿಕ್ ಶೀಟನ್ನು ಗಾಳಿ ಎಳೆದು ಅಚ್ಚಿಗೆ ಕೂರಿಸುವ ಕೆಲಸ, ಅರ್ಧ ಮರಗೆಲಸವೇ. ಅಚ್ಚುಗಳೆಲ್ಲ ಮರದವು. ಬಡಗಿ ಅಚ್ಚು ತಂದುಕೊಟ್ಟ ಮೇಲೆ ಅದರ ಮೂಲೆಮೂಲೆಗೂ ಒಂದು ಮಿಲಿಮೀಟರ್‌ಗಿಂತ ಸಣ್ಣ ತೂತು ಕೊರೆಯುವ ಕೆಲಸ ನಮ್ಮದು. ಶೀಟಿಗೂ ಅಚ್ಚಿಗೂ ನಡುವಿನ ಗಾಳಿಯನ್ನು ಪಂಪು ಎಳೆದುಕೊಳ್ಳುವುದು ಆ ತೂತುಗಳಿಂದಲೇ. ತೂತು ಸ್ವಲ್ಪ ದೊಡ್ಡದಾದರೂ ಮಾಲಿನ ಮೇಲೆ ಗುರುತು ಏಳುತ್ತಿತ್ತು.

ಹೀಟರಿನಡಿ ಇಟ್ಟ ಎಬಿಎಸ್ ಪ್ಲಾಸ್ಟಿಕ್ಕಿನ ಶೀಟು ಮೊದಲು ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಆಮೇಲೆ ಬಿಗಿದುಕೊಳ್ಳುತ್ತದೆ, ಕೊನೆಗೆ ನಡುವೆ ಜೋತುಬೀಳುತ್ತದೆ. ಎಷ್ಟು ಜೋತರೆ ಸಾಕು ಎಂಬುದಕ್ಕೆ ನಮ್ಮಲ್ಲಿ ಮೀಟರು ಇರಲಿಲ್ಲ, ಮೇಸ್ತ್ರಿಯ ಕಣ್ಣಿತ್ತು. ಅವರು "ಹೊಟ್ಟೆ ಬಂತು, ಎಳಿ!" ಎಂದೊಡನೆ ಲಿವರ್ ಎಳೆಯಬೇಕು. ಅವಸರ ಮಾಡಿದರೆ ಮೂಲೆ ತುಂಬುವುದಿಲ್ಲ. ತಡಮಾಡಿದರೆ ಶೀಟು ಮಡಿಕೆ ಬೀಳುತ್ತದೆ. ಎಬಿಎಸ್ ತೇವ ಹೀರುವ ಜಾತಿ. ಮಳೆಗಾಲದಲ್ಲಿ ಒಣಗಿಸದೆ ಕಾಯಿಸಿದರೆ ಮೈತುಂಬ ಗುಳ್ಳೆ. ಶೀಟು ಅರ್ಧ ಕಾದಿರುವಾಗ ಕರೆಂಟು ಹೋದರಂತೂ ಅದು ನೇರ ಗುಜರಿಗೆ.

ಪಂಪು ದೊಡ್ಡದಾದಷ್ಟೂ ಅಚ್ಚು ಚೆನ್ನಾಗಿ ಬರುತ್ತದೆ ಎಂದು ನಂಬಿದ ಮಾಲೀಕರನ್ನು ಕಂಡಿದ್ದೇನೆ. ಆದರೆ ಶೀಟನ್ನು ಅಚ್ಚಿಗೆ ಒತ್ತುವುದು ಹೊರಗಿನ ಗಾಳಿ. ಅದರ ಬಲ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ, ಅಷ್ಟೇ. ಯಾವ ಪಂಪೂ ಅದನ್ನು ಹೆಚ್ಚಿಸಲಾರದು.

ಆಮೇಲೆ ಅಲ್ಯೂಮಿನಿಯಂ ಅಚ್ಚು, ಬೇರೆ ಬೇರೆ ಭಾಗಕ್ಕೆ ಬೇರೆ ಬಿಸಿ ಕೊಡುವ ಸೆರಾಮಿಕ್ ಹೀಟರು, ರೋಲಿನಿಂದ ತಾನೇ ಶೀಟು ಎಳೆದುಕೊಳ್ಳುವ ಮೆಷಿನ್ನು ಬಂದವು. ಮೇಸ್ತ್ರಿಯ ಕಣ್ಣಿನ ಕೆಲಸ ಸೆನ್ಸಾರಿನ ಪಾಲಾಯಿತು. ಇದರಲ್ಲಿ ನನಗೆ ದುಃಖವೇನಿಲ್ಲ. ಆ ಬಿಸಿಯಲ್ಲಿ ದಿನವಿಡೀ ನಿಂತವರು ಯಾರೂ ಹಳೆಯದೇ ಚೆನ್ನಾಗಿತ್ತು ಎನ್ನುವುದಿಲ್ಲ.

ಈ ಕಸುಬಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಮೆಷಿನ್ನಲ್ಲ, ಮಾಲು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅದೇ ನಿಯಮ. ತಟ್ಟೆ, ಲೋಟವನ್ನೇ ನೆಚ್ಚಿದ್ದವರಲ್ಲಿ ಕೆಲವರು ಬಾಗಿಲು ಹಾಕಿದರು, ಕೆಲವರು ನರ್ಸರಿಯ ಪ್ರೋಟ್ರೇ ಕಡೆ ತಿರುಗಿದರು. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಸಸಿಗಳು ಬೆಳೆಯುವುದು ಇಂಥ ಟ್ರೇಗಳ ಗುಳಿಗಳಲ್ಲೇ.

ಮೆಷಿನ್ನು ಎಷ್ಟೇ ಹೊಸದಾದರೂ ಹಿಗ್ಗಿದ ಶೀಟು ತೆಳ್ಳಗಾಗಲೇಬೇಕು, ಅದೂ ಗುಳಿಯ ತಳದ ಮೂಲೆಯಲ್ಲೇ ಹೆಚ್ಚು. ದರದ ಪೈಪೋಟಿಗೆ ಬಿದ್ದವರು ಮೊದಲು ಕೈಹಾಕುವುದು ಶೀಟಿನ ದಪ್ಪಕ್ಕೆ. ಆದ್ದರಿಂದ ಟ್ರೇ ಕೊಳ್ಳುವ ರೈತರೇ, ಅಂಚನ್ನು ಹಿಡಿದು ನೋಡಿ ಸುಮ್ಮನಾಗಬೇಡಿ, ತಳದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ.