ಅಪೋಲೊ ಬಂದರಿನಿಂದ ಅಕ್ಕನಿಗೆ

ಪ್ರೀತಿಯ ಅಕ್ಕ,

ಮುಂಬಯಿಯಲ್ಲಿ ನೋಡಬೇಕೆಂದುಕೊಂಡಿದ್ದರಲ್ಲಿ ಅರ್ಧವೂ ಆಗಿಲ್ಲ. ಅಪೋಲೊ ಬಂದರಿನ ತಾಜ್‌ಮಹಲ್ ಹೋಟೆಲಿನ ಮುಂದೆ ನಿಂತರೆ ಕಾಲು ಕೀಳಲು ಮನಸ್ಸೇ ಬರುವುದಿಲ್ಲ. ಕೆಂಪು ಗುಮ್ಮಟ, ಬೂದು ಕಲ್ಲಿನ ಗೋಡೆ, ಸಾಲುಸಾಲು ಕಮಾನು ಕಿಟಕಿ. ಎದುರಿಗೆ ಎಲಿಫೆಂಟಾಕ್ಕೆ ಹೊರಡುವ ಲಾಂಚುಗಳ ಗದ್ದಲ.

ಗೇಟ್‌ವೇ ಆಫ್ ಇಂಡಿಯಾದ ಪಕ್ಕದಲ್ಲಿ ಹೋಟೆಲ್ ಎದ್ದಿತೆಂದೇ ನಾವೆಲ್ಲ ಅಂದುಕೊಳ್ಳುವುದು. ಆದರೆ ಹೋಟೆಲೇ ಹಳೆಯದು. ಜಮ್‌ಸೇಟ್‌ಜಿ ಟಾಟಾ ಕಟ್ಟಿಸಿದ ಇದು ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಪೂರ್ತಿಯಾದದ್ದು 1924ರಲ್ಲಿ. ಮೊದಲ ಮಹಾಯುದ್ಧದಲ್ಲಿ ಈ ಹೋಟೆಲೇ 600 ಹಾಸಿಗೆಯ ಆಸ್ಪತ್ರೆಯಾಗಿತ್ತು.

ನಕ್ಷೆ ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ ಅವರದು. ವೈದ್ಯರು ನಡುವೆಯೇ ತೀರಿಕೊಂಡರು, ಕೆಲಸ ಮುಗಿಸಿದವರು ಡಬ್ಲ್ಯು.ಎ. ಚೇಂಬರ್ಸ್. ಕಟ್ಟಡ ಹಿಂದುಮುಂದಾಯಿತೆಂದು ವಾಸ್ತುಶಿಲ್ಪಿ ಪ್ರಾಣ ಕಳೆದುಕೊಂಡ ಎಂಬ ಕತೆಯನ್ನು ಯಾರಾದರೂ ಹೇಳಿದರೆ ನಂಬಬೇಡ. ಮುಖ್ಯ ಬಾಗಿಲು ಮೊದಲು ಊರಿನ ಕಡೆಗೇ ಇತ್ತು, ಈಗ ಈಜುಕೊಳ ಇರುವಲ್ಲಿ. ನಮ್ಮವರೇ ಆದ ವೈದ್ಯ, ಮಿರ್ಜಾರ ಹೆಸರು ಮರೆತು ಈ ಕಟ್ಟುಕತೆಯನ್ನು ನೆನಪಿಟ್ಟುಕೊಂಡಿರುವುದು ನನಗೆ ಅನ್ಯಾಯವೆನಿಸುತ್ತದೆ.

ಒಳಗೆ ಲಾಬಿಯಲ್ಲಿ 31 ಹೆಸರುಗಳಿವೆ. 2008ರ ನವೆಂಬರ್ 26ರ ರಾತ್ರಿ ಶುರುವಾದ ಉಗ್ರರ ದಾಳಿಯಲ್ಲಿ ಇಲ್ಲಿ ಸತ್ತವರ ಹೆಸರು. ಅತಿಥಿಗಳ ಜೊತೆ ಅಡುಗೆಯವರು, ಸಿಬ್ಬಂದಿ ಎಲ್ಲರೂ ಒಂದೇ ಸಾಲಿನಲ್ಲಿ. ಒಂದೊಂದಾಗಿ ಓದಿದೆ. ಹಿಂಬಾಗಿಲುಗಳ ದಾರಿ ಗೊತ್ತಿದ್ದೂ ಸಿಬ್ಬಂದಿ ಓಡಿಹೋಗಲಿಲ್ಲ. ಅತಿಥಿಗಳನ್ನು ಅಡುಗೆಮನೆಯ ಮೂಲಕ ಹೊರಗೆ ದಾಟಿಸುತ್ತಾ ಗುಂಡಿಗೆ ಎದೆಯೊಡ್ಡಿದರು. ಮ್ಯಾನೇಜರರ ಹೆಂಡತಿ, ಇಬ್ಬರು ಮಕ್ಕಳು ಆರನೇ ಮಹಡಿಯಲ್ಲಿ ತೀರಿಹೋದರು. ಆದರೂ ಮ್ಯಾನೇಜರರು ಕೆಲಸ ಬಿಟ್ಟು ಕದಲಲಿಲ್ಲ. ಅರಸರು, ವೈಸ್‌ರಾಯ್‌ಗಳು ಇಳಿದುಕೊಂಡದ್ದನ್ನು ಎಲ್ಲರೂ ಬರೆಯುತ್ತಾರೆ. ಈ ಹೋಟೆಲಿನ ದೊಡ್ಡ ಚರಿತ್ರೆ ಮಾತ್ರ ಇದೇ ಎನ್ನುತ್ತೇನೆ ನಾನು.

ನಮ್ಮ ಬೆಂಗಳೂರಿನಲ್ಲಿ ಬೆಳೆದ ಎನ್‌ಎಸ್‌ಜಿಯ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮಡಿದದ್ದೂ ಇಲ್ಲೇ, ನವೆಂಬರ್ 28ರಂದು. ಗಾಯಗೊಂಡ ಜೊತೆಗಾರನನ್ನು ಹೊರಗೆ ಕಳಿಸಿ, ತಾನು ಉಗ್ರರ ಬೆನ್ನು ಹತ್ತಿದ. ವಯಸ್ಸು 31. ಮರುವರ್ಷ ಅಶೋಕ ಚಕ್ರ ಬಂತು. ದಾಳಿಯಲ್ಲಿ ಸುಟ್ಟು ಕರಕಲಾಗಿದ್ದ ಹೋಟೆಲಿನ ಹಳೆಯ ಭಾಗ 2010ರ ಆಗಸ್ಟ್ 15ರಂದು ಮತ್ತೆ ತೆರೆಯಿತು.

ಯಲಹಂಕದಲ್ಲಿ ಸಂದೀಪ್ ಹೆಸರಿನ ರಸ್ತೆ ಇದೆಯಲ್ಲ, ಮುಂದಿನ ಸಲ ಅಲ್ಲಿ ಹಾದುಹೋಗುವಾಗ ಮಕ್ಕಳಿಗೆ ಬೋರ್ಡು ತೋರಿಸಿ, ಆ ಹೆಸರು ಯಾರದೆಂದು ಹೇಳು ಅಕ್ಕಾ.

ನಿನ್ನ ತಮ್ಮ